ನಮ್ಮ ದಿನಸಿ ಅಂಗಡಿ ಎಲ್ ಕಮೀನೋದಲ್ಲೇ ಏಕೆ?

ಬೆಂಗಳೂರಿನಲ್ಲಿ ಪೇಟೆಯ ಹೆಸರೇ ವಿಳಾಸ. ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ. ಒಂದೇ ಸರಕಿನವರು ಅಕ್ಕಪಕ್ಕ ಕೂತರೆ ಕೊಳ್ಳುವವರಿಗೆ ಬೆಲೆ ವಿಚಾರಿಸಲು ಸುಲಭ, ವರ್ತಕರಿಗೂ ಗಿರಾಕಿ ಖಾತ್ರಿ. ಇಲ್ಲಿ ತೊಗರಿಬೇಳೆಗೆಂದು ಸನ್ನಿವೇಲಿನ ಎಲ್ ಕಮೀನೋ ರಸ್ತೆಗೆ ಹೋಗುವ ನಾವು, ಅಂಗಡಿಗಳು ಅಲ್ಲೇ ಏಕೆ ನೆಲೆಸಿದವೆಂದು ಯೋಚಿಸುವುದು ಕಡಿಮೆ.

ಬೇಶೋರ್ ಫ್ರೀವೇ ಬರುವ ಮುಂಚೆ ಸ್ಯಾನ್ ಫ್ರಾನ್ಸಿಸ್ಕೋಗೂ ಸ್ಯಾನ್ ಹೋಸೆಗೂ ನಡುವಿನ ಹೆದ್ದಾರಿ ಇದೇ. ಎರಡನೆಯ ಮಹಾಯುದ್ಧದ ನಂತರ ಹಣ್ಣಿನ ತೋಟಗಳು ಬಡಾವಣೆಗಳಾದವು. ರಸ್ತೆಯುದ್ದಕ್ಕೂ ಮುಂದೆ ಪಾರ್ಕಿಂಗ್, ಹಿಂದೆ ಸಾಲು ಮಳಿಗೆ ಇರುವ ಸ್ಟ್ರಿಪ್ ಮಾಲ್‌ಗಳು ಎದ್ದವು. 1950ರ ದಶಕದಲ್ಲೇ ಸ್ಟ್ಯಾನ್‌ಫರ್ಡ್ ಶಾಪಿಂಗ್ ಸೆಂಟರ್, ವ್ಯಾಲಿ ಫೇರ್ ತೆರೆದು ದೊಡ್ಡ ವ್ಯಾಪಾರವನ್ನು ಸೆಳೆದುಕೊಂಡವು.

ಆಮೇಲೆ ಬಂದದ್ದು 1978ರ ಪ್ರೊಪೊಸಿಷನ್ 13. ಆಸ್ತಿ ತೆರಿಗೆ ನಿಗದಿತ ಮೌಲ್ಯದ ಶೇ. 1ನ್ನು ಮೀರುವಂತಿಲ್ಲ, ಆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ ಎಂದಾಯಿತು. ನಗರಸಭೆಗಳ ಕಣ್ಣು ಮಾರಾಟ ತೆರಿಗೆಯ ಮೇಲೆ ಬಿತ್ತು. ಮಾರಾಟದ ಮೊತ್ತದ ಶೇ. 1ರಷ್ಟು ಅಂಗಡಿ ಇರುವ ಊರಿಗೇ ಸಲ್ಲುತ್ತದೆ. ಹಾಗಾಗಿ ಕಾರು ಮಾರುವವರಿಗೆ, ಮಾಲ್ ಕಟ್ಟುವವರಿಗೆ ಊರೂರಿನಲ್ಲೂ ಮಣೆ. ಬೇಳೆ, ಅಕ್ಕಿಗೆ ಆ ತೆರಿಗೆಯೇ ಇಲ್ಲ. (ಹೋಟೆಲಿನಲ್ಲಿ ತಿನ್ನುವ ದೋಸೆಗೆ ಉಂಟು, ಮನೆಗೊಯ್ಯುವ ಹಿಟ್ಟಿಗಿಲ್ಲ!) ನಮ್ಮ ದಿನಸಿಯವರನ್ನು ಯಾವ ನಗರಸಭೆ ಕರೆದೀತು? ದೊಡ್ಡವರು ಬೇಡವೆಂದ ಹಳೆಯ ಮಳಿಗೆಗಳಲ್ಲೇ ಅವರು ನೆಲೆ ಕಂಡುಕೊಂಡರೆಂದು ನಮ್ಮ ಲೆಕ್ಕ.

ಬರ್ಕ್ಲಿಯ ಯೂನಿವರ್ಸಿಟಿ ಅವೆನ್ಯೂದಲ್ಲಿ ಭಾರತೀಯ ಅಂಗಡಿಗಳು ಮೊದಲೇ ಇದ್ದವು. ಆದರೆ 1990ರ ವಲಸೆ ಕಾಯಿದೆ ಎಚ್-1ಬಿ ವೀಸಾ ತಂದ ಮೇಲೆ ಎಂಜಿನಿಯರ್ ಕುಟುಂಬಗಳು ಸನ್ನಿವೇಲ್, ಸ್ಯಾಂಟಾ ಕ್ಲಾರಾದ ಅಪಾರ್ಟ್‌ಮೆಂಟುಗಳಿಗೆ ಬಂದವು. ಗಿರಾಕಿ ಹತ್ತಿರವಿದ್ದಾಗ ಅಂಗಡಿ ತಾನೇ ಬರುತ್ತದೆ.

ಎಲ್ ಕಮೀನೋದ ಇನ್ನೊಂದು ಗುಣ 22ನೇ ನಂಬರ್ ಬಸ್ಸು. ಕಾರು ಓಡಿಸಲಾರದ ತಂದೆತಾಯಂದಿರು ಕರಿಬೇವು ತರುವ ನೆಪದಲ್ಲಿ ಅದರಲ್ಲಿ ತಾವೇ ಹೋಗಿಬರಬಹುದು. ಹೀಗೆ ಓಡಾಡುವ ಹಿರಿಯರ ರಕ್ತದೊತ್ತಡವೂ ಮನಸ್ಸೂ ಹತೋಟಿಯಲ್ಲಿರುವುದನ್ನು ವೈದ್ಯರಾಗಿ ನಾವು ಕಂಡಿದ್ದೇವೆ.

ಈಗ ಆ ಸಾಲು ಮಳಿಗೆಗಳ ಜಾಗಕ್ಕೇ ಬೇಡಿಕೆ. 2022ರಲ್ಲಿ ಅಂಗೀಕಾರವಾದ ರಾಜ್ಯ ಕಾನೂನು ಎಬಿ 2011, ಇಂಥ ವ್ಯಾಪಾರಿ ರಸ್ತೆಗಳಲ್ಲಿ ನಿಯಮಕ್ಕೊಳಪಟ್ಟ ವಸತಿ ಕಟ್ಟಡಗಳಿಗೆ ಅನುಮತಿಯನ್ನು ಸರಳಗೊಳಿಸಿದೆ. ಮನೆಗಳು ಬೇಕು, ನಿಜ. ನಮ್ಮ ಮಕ್ಕಳಿಗೇ ಇಲ್ಲಿ ಮನೆ ಸಿಗುತ್ತಿಲ್ಲ. ಆದರೆ ಹೊಸ ಕಟ್ಟಡದ ಕೆಳ ಅಂತಸ್ತಿನ ಬಾಡಿಗೆಯನ್ನು ಬೇಳೆ ಮಾರಿ ಕಟ್ಟುವುದು ಕಷ್ಟ. ಯೋಜನಾ ಆಯೋಗದ ಸಭೆಗಳಿಗೆ ಯಾರು ಬೇಕಾದರೂ ಹೋಗಿ ಮಾತಾಡಬಹುದು. ಸನ್ನಿವೇಲಿನ ಸದಸ್ಯರು ಒಮ್ಮೆ ಹೋಗಿ, ಈಗಿರುವ ಅಂಗಡಿಗಳಿಗೆ ಹೊಸ ಕಟ್ಟಡದಲ್ಲಿ ಜಾಗವೆಲ್ಲಿ ಎಂದು ಕೇಳಿಬರಬೇಕು.