ಚಕ್ರದ ಕಮಾನಿಗೆ ಕತ್ತರಿ: ವೈಡ್‌ಬಾಡಿ ಕಿಟ್ ಜೋಡಿಸುವ ಮುನ್ನ ತಿಳಿದಿರಬೇಕಾದ್ದು

ಕಾರಿನ ಚಕ್ರಗಳ ಮೇಲಿನ ಕಮಾನುಗಳಿಗೆ ಫೈಬರ್‌ನ ಹೊರಚಾಚುಗಳನ್ನು ಜೋಡಿಸಿ, ಅವುಗಳ ಕೆಳಗೆ ಮೂಲ ಅಳತೆಗಿಂತ ಅಗಲವಾದ ಟೈರುಗಳನ್ನು ಕೂರಿಸುವ ಪರಿಕರಗಳಿಗೆ ವೈಡ್‌ಬಾಡಿ ಕಿಟ್ ಎಂದು ಹೆಸರು. ಹೊರಗಿನ ಫೈಬರನ್ನು ಬೋಲ್ಟ್ ಹಾಕಿ ಬಿಗಿಯುವುದು ಕಷ್ಟವಲ್ಲ. ಆದರೆ ಅದರ ಹಿಂದಿರುವ ಮೂಲ ತಗಡನ್ನು ಕತ್ತರಿಸದೆ ಅಗಲದ ಟೈರಿಗೆ ಸಾಮಾನ್ಯವಾಗಿ ಜಾಗ ದೊರೆಯುವುದಿಲ್ಲ. ಕತ್ತರಿಸುವುದು ಅಲ್ಪ ಹೊತ್ತಿನ ಕೆಲಸ. ಕತ್ತರಿಸಿದ ಬಾಯಿಯನ್ನು ನೀರು ನುಗ್ಗದಂತೆ ಮುಚ್ಚುವುದು ದಿನಗಟ್ಟಲೆಯ ಕೆಲಸ. ಕಾರಿನ ಆಯುಷ್ಯ ನಿರ್ಧಾರವಾಗುವುದು ಈ ಎರಡನೆಯದರಿಂದ. ಜೊತೆಗೆ, ರಸ್ತೆಗಾಗಿ ನೋಂದಣಿಯಾದ ಕಾರಿನಲ್ಲಿ ಇಂಥ ಬದಲಾವಣೆಗೆ ಭಾರತದ ಕಾನೂನು ಅವಕಾಶ ನೀಡುವುದಿಲ್ಲ ಎಂಬುದೂ ಗಮನಾರ್ಹ.

ರೇಸ್ ಕಣದಿಂದ ಬಂದ ಪದ್ಧತಿ

ಅಗಲದ ಕಮಾನು ಹುಟ್ಟಿದ್ದು ಅಲಂಕಾರಕ್ಕಲ್ಲ. ತಿರುವಿನಲ್ಲಿ ಹೆಚ್ಚಿನ ಹಿಡಿತ ಬೇಕಾದ ರೇಸ್ ಕಾರುಗಳಿಗೆ ಅಗಲದ ಟೈರು ಬೇಕಾಯಿತು. ಟೈರನ್ನು ಮುಚ್ಚಲು ಕಮಾನು ಹೊರಚಾಚಬೇಕಾಯಿತು. 1970ರ ದಶಕದ ಬಿಎಂಡಬ್ಲ್ಯು 3.0 ಸಿಎಸ್‌ಎಲ್ ಮತ್ತು ಪೋರ್ಷೆ 935 ಇದಕ್ಕೆ ಪ್ರಸಿದ್ಧ ನಿದರ್ಶನಗಳು. ಮುಂದೆ ಜಪಾನಿನ ಅಕಿರಾ ನಾಕಾಯ್ ಅವರ ಆರ್‌ಡಬ್ಲ್ಯುಬಿ, ವಾತಾರು ಕಾಟೊ ಅವರ ಲಿಬರ್ಟಿ ವಾಕ್ ಹಾಗೂ ಕೇ ಮಿಯುರಾ ಅವರ ರಾಕೆಟ್ ಬನ್ನಿ ಕಿಟ್‌ಗಳು ಈ ಶೈಲಿಯನ್ನು ಜಗತ್ತಿನಾದ್ಯಂತ ಹಬ್ಬಿಸಿದವು. ರೇಸ್ ಕಾರು ಓಡುವುದು ಕೆಲವೇ ಗಂಟೆ. ವರ್ಷವಿಡೀ ಮಳೆ, ಧೂಳು, ಕೆಸರಿನಲ್ಲಿ ಓಡುವ ಕಾರಿಗೆ ಅದೇ ಪದ್ಧತಿ ಅನ್ವಯಿಸಿದಾಗ ತೊಡಕು ಆರಂಭವಾಗುತ್ತದೆ.

ನಿಡಘಟ್ಟದ ದಾರಿಯ ಪರೀಕ್ಷೆ

ಈ ತೊಡಕು ಏನೆಂದು ಅರಿಯಲು ಮದ್ದೂರು ತಾಲ್ಲೂಕಿನ ನಿಡಘಟ್ಟ ಒಳ್ಳೆಯ ಉದಾಹರಣೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯನ್ನು ಬೆಂಗಳೂರು–ನಿಡಘಟ್ಟ, ನಿಡಘಟ್ಟ–ಮೈಸೂರು ಎಂಬ ಎರಡು ಹಂತಗಳಲ್ಲಿ ನಿರ್ಮಿಸಲಾಯಿತು. ಸುಮಾರು 118 ಕಿ.ಮೀ. ಉದ್ದದ ಈ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಮದ್ದೂರು ಬಳಿಯ ಗೆಜ್ಜಲಗೆರೆಯಲ್ಲಿ ಪ್ರಧಾನಿ ಲೋಕಾರ್ಪಣೆ ಮಾಡಿದರು. ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳಿಗೆ 2023ರ ಆಗಸ್ಟ್ 1ರಿಂದ ಮುಖ್ಯಪಥದಲ್ಲಿ ನಿರ್ಬಂಧವಿದ್ದು, ಅವು ಸರ್ವಿಸ್ ರಸ್ತೆಯಲ್ಲೇ ಸಾಗಬೇಕು.

ಹೀಗಾಗಿ ಇಲ್ಲಿ ಒಂದೇ ಕಾರು ಎರಡು ಬಗೆಯ ಹೊಡೆತ ತಿನ್ನುತ್ತದೆ. ಮುಖ್ಯಪಥದಲ್ಲಿ ಗಂಟೆಗೆ 100 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಆ ವೇಗದಲ್ಲಿ ಟೈರು ಎರಚುವ ನೀರು ಮತ್ತು ಕಲ್ಲಿನ ಚೂರು ಕಮಾನಿನ ಒಳಮೈಗೆ ಬಲವಾಗಿ ಅಪ್ಪಳಿಸುತ್ತವೆ. ಸರ್ವಿಸ್ ರಸ್ತೆಗೆ ಇಳಿದರೆ ಕಬ್ಬಿನ ಟ್ರ್ಯಾಕ್ಟರ್‌ಗಳ ಚಕ್ರಗಳಿಂದ ಉದುರಿದ ಗದ್ದೆಯ ಕೆಸರು ಕಮಾನಿನ ಸಂದಿಗಳಲ್ಲಿ ಮೆತ್ತಿಕೊಳ್ಳುತ್ತದೆ. ಮೆತ್ತಿದ ಕೆಸರು ದಿನಗಟ್ಟಲೆ ತೇವ ಹಿಡಿದಿಡುತ್ತದೆ. 2022ರ ಆಗಸ್ಟ್ ಅಂತ್ಯದ ಮಳೆಗೆ ರಾಮನಗರ ಭಾಗದಲ್ಲಿ ಇದೇ ಹೆದ್ದಾರಿ ಜಲಾವೃತವಾಗಿ ಅನೇಕ ವಾಹನಗಳು ನೀರಿನಲ್ಲಿ ಸಿಲುಕಿದ್ದವು. ಮುಚ್ಚದೆ ಬಿಟ್ಟ ಕಮಾನಿನ ಕಾರಿಗೆ ಅಂಥ ಒಂದು ದಿನವೇ ಸಾಕು.

ಕಮಾನಿನ ರಚನೆ

ಬಹುತೇಕ ಕಾರುಗಳಲ್ಲಿ ಮುಂಬದಿಯ ಫೆಂಡರ್ ಬೋಲ್ಟ್‌ಗಳಿಂದ ನಿಂತಿರುತ್ತದೆ. ಅದನ್ನು ಬಿಚ್ಚಿ, ಕತ್ತರಿಸಿ, ತಪ್ಪಾದರೆ ಬೇರೆ ಹಾಕಬಹುದು. ಹಿಂಬದಿಯ ಕಥೆ ಬೇರೆ. ಅಲ್ಲಿ ಕ್ವಾರ್ಟರ್ ಪ್ಯಾನೆಲ್ ಎನ್ನುವ ಹೊರ ತಗಡು ಹಾಗೂ ಚಕ್ರವನ್ನು ಆವರಿಸುವ ಒಳ ತಗಡು ಕಮಾನಿನ ಅಂಚಿನಲ್ಲಿ ಒಂದಕ್ಕೊಂದು ಒತ್ತಿ, ಸ್ಪಾಟ್ ವೆಲ್ಡಿಂಗ್‌ನಿಂದ ಬೆಸೆದುಕೊಂಡಿರುತ್ತವೆ. ಇವು ಕಾರಿನ ಚೌಕಟ್ಟಿನ ಭಾಗ. ಹೊರ ತಗಡಿನ ದಪ್ಪ ಸಾಮಾನ್ಯವಾಗಿ 1 ಮಿ.ಮೀ.ಗಿಂತ ಕಡಿಮೆ, ಅಂಚಿನ ಮಡಿಕೆ ಮತ್ತು ಬೆಸುಗೆಗಳೇ ಅದಕ್ಕೆ ಬಿಗಿ ಕೊಡುತ್ತವೆ.

ಅಂಚನ್ನು ಕತ್ತರಿಸಿದೊಡನೆ ಬೆಸುಗೆಯೂ ಹೋಗುತ್ತದೆ. ಎರಡು ತಗಡುಗಳ ನಡುವೆ ಕಮಾನಿನುದ್ದಕ್ಕೂ ಸೀಳು ತೆರೆದುಕೊಳ್ಳುತ್ತದೆ. ಆ ಸೀಳಿನಿಂದ ನೀರು ಡಿಕ್ಕಿಗೆ ಇಳಿಯಬಹುದು, ಹೊಗೆ ಕ್ಯಾಬಿನ್‌ಗೆ ನುಸುಳಬಹುದು. ಕಿಟ್‌ನ ಫೈಬರ್ ಇದನ್ನು ಹೊರಗಿನಿಂದ ಮರೆಮಾಡುವುದರಿಂದ ತುಕ್ಕು ಕಣ್ಣಿಗೆ ಬೀಳುವ ಹೊತ್ತಿಗೆ ತಗಡು ತಿಂದುಹೋಗಿರುತ್ತದೆ.

ಕತ್ತರಿಸುವ ಕ್ರಮ

ಮೊದಲು ಕಿಟ್ ಅನ್ನು ಕಾರಿಗೆ ಹಿಡಿದು ಅದರ ಅಂಚನ್ನು ಟೇಪಿನ ಮೇಲೆ ಗುರುತಿಸಬೇಕು. ಕತ್ತರಿಸುವ ಗೆರೆ ಆ ಗುರುತಿನಿಂದ ಒಳಗಿರಬೇಕು. ಬೋಲ್ಟ್ ಕೂರುವಷ್ಟು ಲೋಹ ಉಳಿಯಬೇಕು. ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಮತ್ತು ಮುಂಚಕ್ರ ಎರಡೂ ಬದಿಗೆ ಪೂರ್ತಿ ತಿರುಗಿದಾಗ ಟೈರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಅಳೆದ ಬಳಿಕವೇ ಗೆರೆ ಅಂತಿಮ.

ಗ್ರೈಂಡರ್ ಹಿಡಿಯುವ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಅನೇಕ ಕಾರುಗಳಲ್ಲಿ ಇಂಧನ ತುಂಬುವ ಕೊಳವೆ ಹಿಂಬದಿಯ ಕಮಾನಿನ ಪಕ್ಕದಲ್ಲೇ ಹಾದುಹೋಗುತ್ತದೆ. ಹಿಂಬದಿ ಸೀಟ್ ಬೆಲ್ಟ್‌ನ ಸುರುಳಿ, ವೈರುಗಳು, ಸದ್ದು ತಡೆಯುವ ಫೋಮ್ ಸಹ ಆ ಭಾಗದಲ್ಲಿರಬಹುದು. ಒಂದು ಕಿಡಿ ಬೆಲ್ಟನ್ನು ದುರ್ಬಲಗೊಳಿಸಬಹುದು. ಫೋಮ್‌ಗೆ ಅಥವಾ ಇಂಧನದ ಆವಿಗೆ ತಗುಲಿದರೆ ಬೆಂಕಿ. ಇವನ್ನು ತೆಗೆದು ಅಥವಾ ಮರೆಮಾಡಿ, ಅಗ್ನಿಶಾಮಕ ಉಪಕರಣ ಪಕ್ಕದಲ್ಲಿಟ್ಟು ಕೆಲಸ ಆರಂಭಿಸಬೇಕು. ಒಂದೇ ಬಾರಿಗೆ ಎರಡೂ ತಗಡುಗಳನ್ನು ಕತ್ತರಿಸದೆ, ಮೊದಲು ಹೊರ ತಗಡನ್ನು ಮಾತ್ರ ತೆಗೆದರೆ ಒಳ ತಗಡಿನಲ್ಲಿ ಮಡಿಚಲು ಬೇಕಾದಷ್ಟು ಅಂಚು ಉಳಿಯುತ್ತದೆ.

ಮುಚ್ಚುವ ಕ್ರಮ

ಒಳ ತಗಡಿನ ಉಳಿದ ಅಂಚಿನಲ್ಲಿ ಎರಡು–ಮೂರು ಸೆಂ.ಮೀ.ಗೊಂದರಂತೆ ಸೀಳು ಹಾಕಿ, ಪ್ರತಿಯೊಂದು ಎಸಳನ್ನೂ ಸುತ್ತಿಗೆಯಿಂದ ಹೊರಕ್ಕೆ ಬಾಗಿಸಿ ಹೊರ ತಗಡಿಗೆ ತಾಗಿಸಬೇಕು. ಅಂತರ ಹೆಚ್ಚಿದ್ದಲ್ಲಿ ಹೊಸ ತಗಡಿನ ಪಟ್ಟಿ ಸೇರಿಸಬೇಕು. ಬೆಸುಗೆಗೆ ಮಿಗ್ ವೆಲ್ಡಿಂಗ್ ಸೂಕ್ತ. ಟಿಂಕರಿಂಗ್ ಶೆಡ್‌ಗಳಲ್ಲಿ ಬಳಕೆಯಲ್ಲಿರುವ ಗ್ಯಾಸ್ ವೆಲ್ಡಿಂಗ್‌ನ ಶಾಖ ಹರಡಿ ತೆಳು ತಗಡು ಸೊಟ್ಟಗಾಗುವ ಅಪಾಯ ಹೆಚ್ಚು. ಒಂದೇ ಕಡೆ ಎಳೆಯದೆ, ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕುತ್ತ ತಣಿಯಲು ಬಿಡಬೇಕು. ಸತುವಿನ ಲೇಪವಿರುವ ತಗಡಿನ ಬೆಸುಗೆಯ ಹೊಗೆ ಜ್ವರ ತರಿಸಬಲ್ಲದು. ಗಾಳಿಯಾಡುವ ಜಾಗ ಮತ್ತು ಮುಖಗವಸು ಅಗತ್ಯ.

ಬೆಸುಗೆಯ ಜಾಗದಲ್ಲಿ ಸತು ಸುಟ್ಟುಹೋಗಿ ಬರಿ ಉಕ್ಕು ಉಳಿದಿರುತ್ತದೆ. ಅದನ್ನು ಉಜ್ಜಿ, ಎಣ್ಣೆ ಜಿಡ್ಡು ತೆಗೆದು, ಎರಡು ಘಟಕಗಳ ಎಪಾಕ್ಸಿ ಪ್ರೈಮರ್ ಹಚ್ಚಬೇಕು. ಅದರ ಮೇಲೆ ವಾಹನಗಳಿಗೆಂದೇ ತಯಾರಾದ ಪಿ.ಯು. ಸೀಮ್ ಸೀಲರ್, ಅದು ಒಣಗಿದ ಬಳಿಕ ಬಣ್ಣ, ಕೊನೆಯಲ್ಲಿ ಕಲ್ಲಿನ ಏಟು ತಡೆಯುವ ಲೇಪ. ಎರಡು ತಗಡುಗಳ ನಡುವಿನ ಟೊಳ್ಳಿಗೆ ಒಳಗಿನಿಂದ ಮೇಣದ ದ್ರವ ಸಿಂಪಡಿಸಬೇಕು. ಕಿಟ್‌ನ ಬೋಲ್ಟ್‌ಗಾಗಿ ಕೊರೆದ ಪ್ರತಿ ರಂಧ್ರಕ್ಕೂ ಪ್ರೈಮರ್ ತಪ್ಪಬಾರದು.

ಮಾಡಬಾರದ್ದು ಮೂರು. ಸ್ನಾನಗೃಹಕ್ಕೆ ಬಳಸುವ, ಹುಳಿ ವಾಸನೆಯ ಸಿಲಿಕೋನ್ ಬೇಡ. ಅದು ಒಣಗುವಾಗ ಹೊರಬಿಡುವ ಅಸಿಟಿಕ್ ಆಮ್ಲ ಉಕ್ಕನ್ನು ತಿನ್ನುತ್ತದೆ, ಅದರ ಮೇಲೆ ಬಣ್ಣವೂ ಹಿಡಿಯದು. ಉಬ್ಬುವ ಫೋಮ್ ತುಂಬಿ ಸೀಳನ್ನು ಮುಚ್ಚಬಾರದು; ಅದರ ಹಿಂದೆ ನೀರು ನಿಲ್ಲುತ್ತದೆ. ತುಕ್ಕಿನ ಮೇಲೆಯೇ ಡಾಂಬರಿನ ಲೇಪ ಬಳಿಯಬಾರದು.

ಕೊನೆಗೆ, ಒಬ್ಬರು ಪೈಪಿನಿಂದ ಕಮಾನಿನೊಳಗೆ ನೀರು ಹಾಯಿಸುತ್ತಿರುವಾಗ ಮತ್ತೊಬ್ಬರು ಡಿಕ್ಕಿಯೊಳಗೆ ಟಾರ್ಚ್ ಹಿಡಿದು ತೇವ ಪರೀಕ್ಷಿಸಬೇಕು. ಬಾಗಿಲಿನ ಕೆಳಪಟ್ಟಿಯ ನೀರಿಳಿಯುವ ರಂಧ್ರಗಳು ಸೀಲರ್‌ನಿಂದ ಮುಚ್ಚಿಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕಿಟ್ ಬಿಗಿಯುವುದು ಇದಾದ ಬಳಿಕ.

ಕಾನೂನಿನ ಚೌಕಟ್ಟು

ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ವಿಧಿಸಬಹುದು. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ಬಳಿಕ ಪರಿಹಾರ ನಿರಾಕರಣೆಗೂ ಕಾರಣವಾಗಬಹುದು.

ಆದ್ದರಿಂದ ಈ ಕೆಲಸಕ್ಕೆ ತಕ್ಕ ಜಾಗ ರೇಸ್ ಟ್ರ್ಯಾಕ್‌ಗೆ ಮೀಸಲಾದ ಅಥವಾ ಪ್ರದರ್ಶನಕ್ಕಷ್ಟೇ ಇಟ್ಟ ಕಾರು. ಬಿಚ್ಚಿದ ಫೈಬರನ್ನು ಮತ್ತೆ ಜೋಡಿಸಬಹುದು; ಕತ್ತರಿಸಿದ ಹಿಂಬದಿಯ ಕಮಾನನ್ನು ಮೊದಲಿನಂತಾಗಿಸಲು ಇಡೀ ಕ್ವಾರ್ಟರ್ ಪ್ಯಾನೆಲನ್ನೇ ಬದಲಿಸಬೇಕಾಗಬಹುದು. ಹಳೆಯ ಕಾರು ಕೊಳ್ಳುವವರೂ ಕಮಾನಿನ ಒಳಅಂಚನ್ನು ಬೆರಳಿನಿಂದ ಸವರಿ ನೋಡುವುದು ಒಳಿತು: ಕಾರ್ಖಾನೆಯ ಮಡಿಕೆ ಸಮನಾಗಿರುತ್ತದೆ, ಕತ್ತರಿ ಬಿದ್ದ ಅಂಚು ಬೆರಳಿಗೇ ಗೊತ್ತಾಗುತ್ತದೆ.