ನಾಲ್ವರು ಮಹಿಳೆಯರ ದೋಣಿ



ಪಾವಗಡ ಸೀಮೆಯ ರಾಯಚರ್ಲಿನಲ್ಲಿ ಕುಳಿತು ದೋಣಿಯ ಇತಿಹಾಸವನ್ನು ಬರೆಯಹೊರಟಿರುವುದು ನಿಮಗೆ ವಿನೋದವೆನಿಸಬಹುದು. ನಮ್ಮದು ಮಳೆಯನ್ನು ಎದುರುನೋಡುವ ನಾಡು. ಉತ್ತರ ಪಿನಾಕಿನಿಯೂ ವರ್ಷದ ಬಹುಭಾಗ ಮರಳಿನ ಹಾಸಾಗಿಯೇ ಉಳಿಯುತ್ತದೆ. ಇಂದು ಊರಿನ ಹೊಲಗಳಲ್ಲಿ ದೂರದಿಂದ ಕೆರೆಯಂತೆ ಹೊಳೆಯುವುದು ನೀರಲ್ಲ, ಸೋಲಾರ್ ಫಲಕಗಳು. ಆದರೂ ಮಹಿಳೆಯರ ಕಯಾಕ್ ಸ್ಪರ್ಧೆಯ ಕಥೆ ನಮ್ಮ ಹೆಣ್ಣುಮಕ್ಕಳು ತಿಳಿಯಬೇಕಾದ ಕಥೆಯೆಂದು ನನ್ನ ನಂಬಿಕೆ.

ಕಯಾಕ್ ಎಂಬುದು ಉತ್ತರ ಧ್ರುವ ಪ್ರದೇಶದ ಇನುಯಿಟ್ ಜನರ ದೋಣಿ. ಕಟ್ಟಿಗೆ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಅದನ್ನು ಮಾಡುತ್ತಿದ್ದರು. ಅದು ಬೇಟೆಯಾಡುವ ಗಂಡಸರ ದೋಣಿ. ಕುಟುಂಬವನ್ನೂ ಸಾಮಾನನ್ನೂ ಸಾಗಿಸಲು ಉಮಿಯಾಕ್ ಎಂಬ ದೊಡ್ಡ ತೆರೆದ ದೋಣಿಯಿತ್ತು; ಗ್ರೀನ್‌ಲ್ಯಾಂಡಿನಲ್ಲಿ ಅದನ್ನು ಹೆಂಗಸರೇ ನಡೆಸುತ್ತಿದ್ದುದರಿಂದ ಹೊರಗಿನವರು ಅದಕ್ಕೆ ‘ಹೆಂಗಸರ ದೋಣಿ’ ಎಂದೇ ಹೆಸರಿಟ್ಟರು. ಹೊರೆ ಹೊರುವ ದೋಣಿ ಹೆಂಗಸರಿಗೆ, ವೇಗದ ದೋಣಿ ಗಂಡಸರಿಗೆ! ಈ ಹಂಚಿಕೆ ನಮಗೇನೂ ಹೊಸದಲ್ಲ.

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಯು ಪದಕದ ಸ್ಪರ್ಧೆಯಾಯಿತು; ಆಗ ಮಹಿಳೆಯರಿಗೆ ಅವಕಾಶವಿರಲಿಲ್ಲ. 1948ರ ಲಂಡನ್ ಕೂಟದಲ್ಲಿ ನಡೆದ ಒಂಬತ್ತು ಸ್ಪರ್ಧೆಗಳ ಪೈಕಿ ಮಹಿಳೆಯರ ಪಾಲಿಗೆ ಬಂದುದು ಒಂದೇ ಒಂದು, ಒಬ್ಬರೇ ನಡೆಸುವ 500 ಮೀಟರ್ ಓಟ. ಡೆನ್ಮಾರ್ಕಿನ ಕರೆನ್ ಹಾಫ್ ಅದನ್ನು ಗೆದ್ದರು. ಇಬ್ಬರ ದೋಣಿಗೆ 1960ರವರೆಗೆ ಕಾಯಬೇಕಾಯಿತು. ನಾಲ್ವರ ದೋಣಿಯ ಸ್ಪರ್ಧೆಯು ಪುರುಷರಿಗೆ 1964ರಲ್ಲಿಯೇ ದೊರೆತರೆ, ಮಹಿಳೆಯರಿಗೆ ದೊರೆತದ್ದು 1984ರಲ್ಲಿ.

ಈ ನಾಲ್ವರ ದೋಣಿ ಸುಮಾರು 11 ಮೀಟರ್ ಉದ್ದ, ಕನಿಷ್ಠ 30 ಕಿಲೋ ತೂಕ. ನಾಲ್ವರೂ ಮುಂದಕ್ಕೆ ಮುಖಮಾಡಿ ಕುಳಿತು, ಎರಡೂ ತುದಿಗಳಲ್ಲಿ ಅಲಗಿರುವ ಹುಟ್ಟನ್ನು ಎಡಕ್ಕೂ ಬಲಕ್ಕೂ ಹಾಕುತ್ತಾರೆ. ಮುಂದೆ ಕುಳಿತವಳು ಲಯವನ್ನು ನಿರ್ಧರಿಸುತ್ತಾಳೆ, ಕಾಲಿನಿಂದ ಚುಕ್ಕಾಣಿಯನ್ನೂ ತಿರುಗಿಸುತ್ತಾಳೆ. ಒಂದೂವರೆ ನಿಮಿಷದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಒನಕೆ ಹಾಕುವುದನ್ನು ಕಂಡವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಎಷ್ಟೇ ಬಲವಿರಲಿ, ಲಯ ತಪ್ಪಿದರೆ ಕೆಲಸ ಕೆಟ್ಟಿತು.

1984ರ ಲಾಸ್ ಏಂಜಲೀಸ್ ಕೂಟವನ್ನು ಸೋವಿಯತ್ ಒಕ್ಕೂಟವೂ ಅದರ ಮಿತ್ರ ರಾಷ್ಟ್ರಗಳೂ ಬಹಿಷ್ಕರಿಸಿದವು. ಪೂರ್ವ ಜರ್ಮನಿಯ ಬಿರ್ಗಿಟ್ ಫಿಷರ್ 1980ರಲ್ಲಿ, ತಮ್ಮ 18ನೆಯ ವಯಸ್ಸಿನಲ್ಲಿಯೇ ಒಲಿಂಪಿಕ್ ಚಿನ್ನ ಗೆದ್ದಿದ್ದರು. ಸರ್ಕಾರಗಳ ಜಗಳದಿಂದಾಗಿ ಆಕೆ ಮನೆಯಲ್ಲಿಯೇ ಉಳಿಯಬೇಕಾಯಿತು. ಬಹಿಷ್ಕಾರಕ್ಕೆ ಸೇರದ ರೊಮೇನಿಯಾದ ಮಹಿಳೆಯರು ನಾಲ್ವರ ಸ್ಪರ್ಧೆಯ ಮೊದಲ ಚಿನ್ನವನ್ನು ಪಡೆದರು. ಸ್ವೀಡನ್ ಎರಡನೆಯದು, ಕೆನಡಾ ಮೂರನೆಯದು. ಗೆದ್ದವರ ಶ್ರಮವನ್ನು ಕಡೆಗಣಿಸುವಂತಿಲ್ಲ. ಆದರೆ ಬಾರದೆ ಹೋದವರ ನೋವನ್ನು ದಾಖಲಿಸಲು ಪದಕಪಟ್ಟಿಯಲ್ಲಿ ಕಲಂ ಇರುವುದಿಲ್ಲ.

ಫಿಷರ್ ಎದೆಗುಂದಲಿಲ್ಲ. 1988ರಲ್ಲಿ ಪೂರ್ವ ಜರ್ಮನಿಯ ಪರವಾಗಿ ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದರು. ಅವರ ದೇಶವೇ ಭೂಪಟದಿಂದ ಅಳಿಸಿಹೋಯಿತು. ಒಂದಾದ ಜರ್ಮನಿಯ ಪರವಾಗಿ 1996, 2000 ಮತ್ತು 2004ರಲ್ಲಿ ಅದೇ ಸ್ಪರ್ಧೆಯನ್ನು ಮತ್ತೆ ಗೆದ್ದರು. ಕೊನೆಯ ಗೆಲುವಿನ ಹೊತ್ತಿಗೆ ಅವರಿಗೆ 42 ವರ್ಷ, ಇಬ್ಬರು ಮಕ್ಕಳ ತಾಯಿ. ಅವರ ಎಂಟು ಚಿನ್ನಗಳಲ್ಲಿ ನಾಲ್ಕು ನಾಲ್ವರ ದೋಣಿಯಲ್ಲಿಯೇ ಬಂದವು. 2008ರ ಬೀಜಿಂಗಿನಲ್ಲಿ ಗೆದ್ದ ಜರ್ಮನ್ ದೋಣಿಯಲ್ಲಿ ಅವರ ಸೋದರನ ಮಗಳು ಫ್ಯಾನಿ ಫಿಷರ್ ಇದ್ದರು.

ಹಂಗೇರಿಯು 1992ರಲ್ಲಿ ಒಮ್ಮೆ, 2012ರಿಂದ ಸತತವಾಗಿ ಮೂರು ಬಾರಿ ಗೆದ್ದಿತು. 2024ರ ಪ್ಯಾರಿಸ್‌ನಲ್ಲಿ ನ್ಯೂಜಿಲೆಂಡಿನ ಲಿಸಾ ಕ್ಯಾರಿಂಗ್ಟನ್, ಅಲಿಸಿಯಾ ಹಾಸ್ಕಿನ್, ಒಲಿವಿಯಾ ಬ್ರೆಟ್ ಮತ್ತು ತಾರಾ ವಾನ್ ಅವರು ಯುರೋಪಿನಾಚೆಗೆ ಮೊದಲ ಬಾರಿ ಈ ಚಿನ್ನವನ್ನು ಒಯ್ದರು. ಆ ಕೂಟದಲ್ಲಿಯೇ ಕ್ಯಾರಿಂಗ್ಟನ್ ಅವರ ಚಿನ್ನಗಳ ಸಂಖ್ಯೆಯೂ ಎಂಟಾಯಿತು.

ಈಗ ಒಂದು ಲೆಕ್ಕವನ್ನು ಗಮನಿಸಿ. 1948ರಲ್ಲಿ ಪುರುಷರಿಗೆ ಎಂಟು ಸ್ಪರ್ಧೆ, ಮಹಿಳೆಯರಿಗೆ ಒಂದು. 2008ರಲ್ಲಿಯೂ ಒಂಬತ್ತಕ್ಕೆ ಮೂರು. ಟೋಕಿಯೋ ಕೂಟ 2021ರಲ್ಲಿ ನಡೆದಾಗಲೇ ಆರಕ್ಕೆ ಆರು ಎಂಬ ಸಮಪಾಲು ಬಂದುದು. ಅಂದರೆ 73 ವರ್ಷಗಳು! ಸ್ಪರ್ಧೆಯನ್ನೇ ಏರ್ಪಡಿಸದೆ, ‘ಹೆಣ್ಣುಮಕ್ಕಳಲ್ಲಿ ಸ್ಪರ್ಧಿಗಳು ಕಡಿಮೆ’ ಎನ್ನುವುದು ಬಾಗಿಲು ಹಾಕಿಕೊಂಡು ‘ಅತಿಥಿಗಳು ಬರಲಿಲ್ಲ’ ಎಂದಂತೆ.

ನಮ್ಮ ದೇಶದ ಹೆಸರೂ ಈ ನೀರಿನಲ್ಲಿ ಮೂಡತೊಡಗಿದೆ. ಗ್ವಾಲಿಯರಿನ ಪ್ರಾಚಿ ಯಾದವ್ ಅವರು ಭೋಪಾಲದ ಕೆರೆಯಲ್ಲಿ ಅಭ್ಯಾಸ ಮಾಡಿ, ಟೋಕಿಯೋ ಪ್ಯಾರಾಲಿಂಪಿಕ್ಸ್‌ನ ಫೈನಲ್ ತಲುಪಿದರು. 2023ರ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕಯಾಕ್‌ನಲ್ಲಿ ಚಿನ್ನ ಗೆದ್ದರು. ಅವರಿಗೆ ಬೇಕಾದದ್ದು ಸಮುದ್ರವಲ್ಲ. ಒಂದು ಕೆರೆ, ಒಂದು ದೋಣಿ, ಕಲಿಸುವ ಒಬ್ಬ ಗುರು.

ನಮ್ಮೂರಿನ ಹೆಣ್ಣುಮಕ್ಕಳು ನೀರನ್ನು ಬಹುಕಾಲ ಕೊಡದಲ್ಲಿ ಹೊತ್ತೇ ಬಲ್ಲರು. ನಿಮ್ಮಲ್ಲಿ ಅನೇಕರು ಈಗ ನೀರಿರುವ ಊರುಗಳಲ್ಲಿ ನೆಲೆಸಿದ್ದೀರಿ. ನಿಮ್ಮ ಮಗಳೋ ಮೊಮ್ಮಗಳೋ ಕೆರೆಯ ದಡದಲ್ಲಿ ನಿಂತು ದೋಣಿಯತ್ತ ಕೈತೋರಿದರೆ, ಅದು ಹುಡುಗರ ಆಟವೆನ್ನಬೇಡಿ. ಮೊದಲು ಈಜು ಕಲಿಸಿ, ಅನಂತರ ಹುಟ್ಟನ್ನು ಕೈಗೆ ಕೊಡಿ.