ಒಂದನೇ ನಂಬರಿನ ಬಿಲ್ಲೆ: ಆಲಿಸ್ ಸ್ಟೆಬಿನ್ಸ್ ವೆಲ್ಸ್ ಮತ್ತು ಮಹಿಳಾ ಪೊಲೀಸಿನ ಆರಂಭಕಾಲ

1910ರ ಸುಮಾರಿನ ಲಾಸ್ ಏಂಜಲೀಸಿನಲ್ಲಿ ಪೊಲೀಸರು ಟ್ರಾಮಿಗೆ ಕಾಸು ಕೊಡಬೇಕಿರಲಿಲ್ಲ. ಬಿಲ್ಲೆ ತೋರಿಸಿದರೆ ಸಾಕಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹೆಂಗಸೊಬ್ಬರು ಬಿಲ್ಲೆ ತೋರಿಸಿದಾಗ ಮಾತ್ರ ಕಂಡಕ್ಟರ್ ನಂಬಲಿಲ್ಲ. ಗಂಡನ ಬಿಲ್ಲೆ ಹಿಡಿದುಕೊಂಡು ಪುಕ್ಕಟೆ ಓಡಾಡುತ್ತಿದ್ದೀರೆಂದು ದೂರಿದ. ತಪ್ಪು ಅವನೊಬ್ಬನದೇ ಅಲ್ಲ. ಇಲಾಖೆ ಆಕೆಗೆ ಗಂಡಸರ ಬಿಲ್ಲೆಯನ್ನೇ ಕೊಟ್ಟಿತ್ತು. ಹೆಣ್ಣು ಪೊಲೀಸಿಗೆಂದು ಬೇರೆ ಬಿಲ್ಲೆ ಇರಲೇ ಇಲ್ಲ. ಆಮೇಲೆ ‘ಪೊಲೀಸ್ ವುಮನ್’ ಎಂದು ಬರೆದ ಬಿಲ್ಲೆಯೊಂದು ತಯಾರಾಯಿತು. ಅದರ ಸಂಖ್ಯೆ 1.

ಆ ಬಿಲ್ಲೆ ಧರಿಸಿದವರು ಆಲಿಸ್ ಸ್ಟೆಬಿನ್ಸ್ ವೆಲ್ಸ್. 1910ರ ಸೆಪ್ಟೆಂಬರಿನಲ್ಲಿ ಅವರು ಅಧಿಕಾರ ಸ್ವೀಕರಿಸಿದರು. ಅಮೆರಿಕದ ಮೊದಲ ಮಹಿಳಾ ಪೊಲೀಸ್ ಎಂದು ಅನೇಕ ಬರಹಗಳು ಅವರನ್ನು ಕರೆಯುತ್ತವೆ. ಈ ‘ಮೊದಲ’ ಎಂಬ ಪದವನ್ನು ಸ್ವಲ್ಪ ಪರೀಕ್ಷಿಸಬೇಕು. ಬಂದೀಖಾನೆಯಲ್ಲಿ ಹೆಂಗಸರನ್ನು ನೋಡಿಕೊಳ್ಳುವ ‘ಮೇಟ್ರನ್’ಗಳು 19ನೆಯ ಶತಮಾನದಲ್ಲೇ ಇದ್ದರು. ಷಿಕಾಗೋ ನಗರದ ಮೇರಿ ಓವೆನ್ಸ್ 1891ರಲ್ಲೇ ಪೊಲೀಸ್ ಇಲಾಖೆ ಸೇರಿ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಎಳೆಯ ಮಕ್ಕಳ ಪರವಾಗಿ ಬಾಲಕಾರ್ಮಿಕ ಕಾಯ್ದೆಯನ್ನು ಜಾರಿಗೊಳಿಸುತ್ತಿದ್ದರು. ಹತ್ತಿರ ಹತ್ತಿರ ಒಂದು ಶತಮಾನ ಅವರ ಹೆಸರು ಮರೆವಿಗೆ ಸಂದಿತ್ತು. 1908ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಲೋಲಾ ಬಾಲ್ಡ್‌ವಿನ್ ಅವರೂ ಪ್ರಮಾಣವಚನ ಸ್ವೀಕರಿಸಿದ್ದರು. ಹೀಗಾಗಿ ವೆಲ್ಸ್ ಅವರ ಹೆಚ್ಚುಗಾರಿಕೆಯನ್ನು ಸರದಿಯ ಸಂಖ್ಯೆಯಲ್ಲಿ ಹುಡುಕಬಾರದು. ತಮಗೆ ಸಿಕ್ಕ ಒಂಟಿ ಕೆಲಸವನ್ನು ಅವರು ಒಂದು ವೃತ್ತಿಯಾಗಿ ಬೆಳೆಸಿದರು.

ಕಾನ್ಸಾಸ್ ರಾಜ್ಯದಲ್ಲಿ 1873ರಲ್ಲಿ ಹುಟ್ಟಿದ ವೆಲ್ಸ್ ಓದಿದ್ದು ಧರ್ಮಶಾಸ್ತ್ರ, ಮಾಡುತ್ತಿದ್ದುದು ಸಮಾಜಸೇವೆ. ಹೆಂಗಸರು ಮತ್ತು ಮಕ್ಕಳಿಗೆ ಸಂಬಂಧಿಸಿದ ಪ್ರಕರಣಗಳಿಗೆ ಮಹಿಳಾ ಪೊಲೀಸರು ಬೇಕು ಎಂಬುದು ಅವರ ವಾದ. ಅದಕ್ಕಾಗಿ ನೂರು ಮಂದಿ ನಾಗರಿಕರ ಸಹಿ ಹಾಕಿಸಿ ಮೇಯರ್ ಜಾರ್ಜ್ ಅಲೆಕ್ಸಾಂಡರ್ ಮತ್ತು ನಗರಸಭೆಗೆ ಮನವಿ ಸಲ್ಲಿಸಿದರು. ಆಗಿನ್ನೂ ಕ್ಯಾಲಿಫೋರ್ನಿಯಾದ ಹೆಂಗಸರಿಗೆ ಮತದಾನದ ಹಕ್ಕಿರಲಿಲ್ಲ. ಅದು ಬಂದದ್ದು 1911ರ ಅಕ್ಟೋಬರಿನಲ್ಲಿ. ಅಂದರೆ, ಮೇಯರನ್ನು ಆರಿಸುವ ಅಧಿಕಾರ ಇಲ್ಲದಿದ್ದ ಹೆಂಗಸಿಗೆ ಜನರನ್ನು ಬಂಧಿಸುವ ಅಧಿಕಾರ ಒಂದು ವರ್ಷ ಮುಂಚೆಯೇ ಸಿಕ್ಕಿತ್ತು.

ಇಲಾಖೆ ಅವರ ಕೈಗಿತ್ತದ್ದು ಬೀದಿಬದಿಯ ಪೊಲೀಸ್ ಟೆಲಿಫೋನ್ ಪೆಟ್ಟಿಗೆಯ ಕೀಲಿಕೈ, ನಿಯಮಾವಳಿಯ ಪುಸ್ತಕ, ಪ್ರಥಮ ಚಿಕಿತ್ಸೆಯ ಕೈಪಿಡಿ ಮತ್ತು ಆ ಬಿಲ್ಲೆ. ಸಮವಸ್ತ್ರ ಮಾತ್ರ ಕೊಡಲಿಲ್ಲ. ಕಾಲಿನವರೆಗೆ ಇಳಿಬಿಟ್ಟ ಉಡುಪು ಮತ್ತು ಕೋಟನ್ನು ಅವರೇ ಹೊಲಿದುಕೊಂಡರು. ಡ್ಯಾನ್ಸ್ ಹಾಲ್, ಸ್ಕೇಟಿಂಗ್ ಅಂಗಳ, ಸಿನಿಮಾ ಮಂದಿರಗಳಲ್ಲಿ ಕಾನೂನು ಪಾಲನೆಯಾಗುತ್ತಿದೆಯೇ ಎಂದು ನೋಡುವುದು, ಕಾಣೆಯಾದವರನ್ನು ಹುಡುಕುವುದು, ಅಸಭ್ಯ ಜಾಹೀರಾತು ಫಲಕಗಳನ್ನು ತೆಗೆಸುವುದು, ಸಲಹೆ ಕೇಳಿಕೊಂಡು ಬಂದ ಹೆಂಗಸರಿಗೆ ದಾರಿ ತೋರುವುದು ಅವರ ದಿನಚರಿಯಾಯಿತು.

ಇದಕ್ಕಿಂತ ದೊಡ್ಡ ಬದಲಾವಣೆ ಒಂದು ಆದೇಶದ ರೂಪದಲ್ಲಿ ಬಂತು. ಎಳೆಯ ಹುಡುಗಿಯರನ್ನು ಇನ್ನು ಮುಂದೆ ಗಂಡಸು ಅಧಿಕಾರಿ ವಿಚಾರಣೆ ಮಾಡಕೂಡದು, ಆ ಕೆಲಸ ಮಹಿಳಾ ಪೊಲೀಸರಿಗೆ ಮಾತ್ರ ಎಂದು ಇಲಾಖೆ ನಿಗದಿಪಡಿಸಿತು. ಭಯದಿಂದ ಬಾಯಿ ಕಟ್ಟಿಹೋದ ಹುಡುಗಿ ಮಾತಾಡುವುದು ಯಾರ ಎದುರು ಎಂಬ ಪ್ರಶ್ನೆ ಹೀಗೆ ಪೊಲೀಸ್ ನಿಯಮದೊಳಗೆ ಬಂತು. 1914ರಲ್ಲಿ ಅದೇ ನಗರದಲ್ಲಿ ‘ನಗರಮಾತೆ’ಯ ಕಚೇರಿ ತೆರೆಯಿತು. ಅದನ್ನು ನಡೆಸಿದ ಅಲೀತಾ ಗಿಲ್ಬರ್ಟ್ ಅವರ ತಾಯಿ ಲೂಸಿ ಗ್ರೇ ಆ ಇಲಾಖೆಯ ಮೊದಲ ಮೇಟ್ರನ್. ಠಾಣೆಯ ಮೆಟ್ಟಿಲು ಹತ್ತಲು ಅಳುಕುವ ತಾಯಂದಿರಿಗೂ ಹೆಣ್ಣುಮಕ್ಕಳಿಗೂ ಅಲ್ಲಿ ಗುಟ್ಟಾಗಿ ಸಲಹೆ ಸಿಗುತ್ತಿತ್ತು.

ಆದರೆ ಈ ಕಾಳಜಿಯ ಇನ್ನೊಂದು ಮುಖವನ್ನು ಮುಚ್ಚಿಡುವಂತಿಲ್ಲ. ಡ್ಯಾನ್ಸ್ ಹಾಲಿನಲ್ಲಿ ಹುಡುಗಿಯನ್ನು ಮೋಸಗಾರನಿಂದ ಕಾಪಾಡುವ ಕಣ್ಣೇ ಆಕೆ ಯಾರೊಡನೆ ಕುಣಿಯುತ್ತಿದ್ದಾಳೆ, ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತಾಳೆ ಎಂಬುದನ್ನೂ ಅಳೆಯುತ್ತಿತ್ತು. ಹಾಗೆ ಸಿಕ್ಕಿಬಿದ್ದವರಲ್ಲಿ ದುಡಿಯುವ ವರ್ಗದ, ವಲಸೆ ಬಂದ ಕುಟುಂಬಗಳ ಹುಡುಗಿಯರೇ ಹೆಚ್ಚು. ಆ ಕಾಲದ ಮಧ್ಯಮವರ್ಗದ ಸುಧಾರಕಿಯರಂತೆ ವೆಲ್ಸ್ ಕೂಡ ರಕ್ಷಣೆ ಮತ್ತು ನಿಯಂತ್ರಣವನ್ನು ಬೇರೆ ಬೇರೆ ಎಂದು ಕಂಡವರಲ್ಲ.

ಅವರ ಸಂಘಟನಾ ಶಕ್ತಿಯ ಬಗ್ಗೆ ಎರಡು ಮಾತಿಲ್ಲ. ಊರೂರು ಸುತ್ತಿ ಮಹಿಳಾ ಪೊಲೀಸರ ಅಗತ್ಯವನ್ನು ಕುರಿತು ಭಾಷಣ ಮಾಡಿದರು. ಷಿಕಾಗೋ 1913ರಲ್ಲಿ ಒಟ್ಟಿಗೇ ಹತ್ತು ಮಂದಿಯನ್ನು ನೇಮಿಸಿಕೊಂಡಿತು. 1915ರಲ್ಲಿ ಮಹಿಳಾ ಪೊಲೀಸರ ಅಂತರರಾಷ್ಟ್ರೀಯ ಸಂಘ ಹುಟ್ಟಿದಾಗ ವೆಲ್ಸ್ ಅದರ ಮೊದಲ ಅಧ್ಯಕ್ಷೆಯಾದರು. 1918ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಈ ಕೆಲಸಕ್ಕೆಂದೇ ತರಗತಿ ಆರಂಭಿಸಿತು. ಆರ್ಥಿಕ ಮಹಾಕುಸಿತದಲ್ಲಿ ಆ ಸಂಘ ಮುಚ್ಚಿಹೋಯಿತು. 1956ರಲ್ಲಿ ಮತ್ತೆ ಚಿಗುರಿತು. ಮೂವತ್ತು ವರ್ಷ ದುಡಿದು 1940ರಲ್ಲಿ ನಿವೃತ್ತರಾದ ವೆಲ್ಸ್ 1957ರಲ್ಲಿ ತೀರಿಕೊಂಡರು.

ಅವರು ತೆರೆಸಿದ ಬಾಗಿಲಿನಿಂದ 1919ರಲ್ಲಿ ಜಾರ್ಜಿಯಾ ಆನ್ ರಾಬಿನ್ಸನ್ ಒಳಬಂದರು. ಲಾಸ್ ಏಂಜಲೀಸ್ ಪೊಲೀಸಿನ ಮೊದಲ ಕಪ್ಪು ಮಹಿಳೆ ಅವರು. ಸೆರೆಯಲ್ಲಿದ್ದವರ ಜಗಳ ಬಿಡಿಸಲು ಹೋಗಿ ತಲೆಗೆ ಪೆಟ್ಟಾಗಿ ದೃಷ್ಟಿ ಕಳೆದುಕೊಂಡರು.

‘ಹೆಂಗಸರ ಕೆಲಸಕ್ಕೆ ಹೆಂಗಸರೇ ಬೇಕು’ ಎಂಬ ವಾದದಿಂದ ತೆರೆದ ಬಾಗಿಲಿಗೆ ಅದೇ ವಾದ ಬೇಲಿಯೂ ಆಯಿತು. ಹೆಂಗಸರಿಗೆ ‘ಪೊಲೀಸ್ ವುಮನ್’ ಎಂಬ ಪ್ರತ್ಯೇಕ ಹುದ್ದೆ. ಬಡ್ತಿ ಸಾರ್ಜೆಂಟ್ ದರ್ಜೆಗೇ ಕೊನೆ. ಇದನ್ನು ಪ್ರಶ್ನಿಸಿ ಸಾರ್ಜೆಂಟ್ ಫ್ಯಾಂಚನ್ ಬ್ಲೇಕ್ 1973ರಲ್ಲಿ ಮೊಕದ್ದಮೆ ಹೂಡಿದರು. 1980ರ ರಾಜಿಯಲ್ಲಿ ಇಲಾಖೆ ಮೇಲಿನ ದರ್ಜೆಗಳನ್ನು ಹೆಂಗಸರಿಗೆ ತೆರೆಯಿತು. ಸಿಬ್ಬಂದಿಯಲ್ಲಿ ಶೇಕಡಾ 20ರಷ್ಟು ಮಹಿಳೆಯರಿರುವ ಗುರಿಯನ್ನೂ ಒಪ್ಪಿಕೊಂಡಿತು.

ಅದೇ 1973ರ ಅಕ್ಟೋಬರ್ 27ರಂದು ಕೋಯಿಕ್ಕೋಡಿನಲ್ಲಿ ಭಾರತದ ಮೊದಲ ಮಹಿಳಾ ಪೊಲೀಸ್ ಠಾಣೆಯನ್ನು ಇಂದಿರಾ ಗಾಂಧಿ ಉದ್ಘಾಟಿಸಿದರು. ಅಲ್ಲಿ ಪ್ರತ್ಯೇಕ ಹುದ್ದೆಯ ಬೇಲಿ ಮುರಿಯಬೇಕೆಂಬ ಮೊಕದ್ದಮೆ, ಇಲ್ಲಿ ಪ್ರತ್ಯೇಕ ಠಾಣೆ! ಮೇಲ್ನೋಟಕ್ಕೆ ವಿರೋಧವಾಗಿ ಕಂಡರೂ ಎರಡರ ಪ್ರಶ್ನೆ ಬೇರೆ. ದೂರು ಕೊಡಲು ಬರುವ ಹೆಂಗಸಿಗೆ ಪ್ರತ್ಯೇಕ ಜಾಗ ಬೇಕು. ದೂರು ಬರೆದುಕೊಳ್ಳುವ ಅಧಿಕಾರಿಗೆ ಪ್ರತ್ಯೇಕ ಏಣಿ ಬೇಡ. ವೆಲ್ಸ್ ಕಾಲದಲ್ಲಿ ಇವೆರಡೂ ಒಂದರಲ್ಲೊಂದು ಕಲಸಿಹೋಗಿದ್ದವು.

ಮೊದಲನೆಯದನ್ನು ನಮ್ಮ ಕಾನೂನು ತಡವಾಗಿಯಾದರೂ ಒಪ್ಪಿಕೊಂಡಿದೆ. 2013ರ ತಿದ್ದುಪಡಿಯಂತೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆ ಕೊಡುವ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಬೆಂಗಳೂರಿನ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ಹುಟ್ಟಿದ ವನಿತಾ ಸಹಾಯವಾಣಿಯದೂ ನಗರಮಾತೆಯ ಕಚೇರಿಯ ಜಾತಿಯದೇ ಕೆಲಸ.

ಏಣಿಯ ವಿಷಯದಲ್ಲಿ ಕರ್ನಾಟಕ ಲಾಸ್ ಏಂಜಲೀಸಿಗಿಂತ ಮುಂದಿದೆ. 1975ರ ತಂಡದ ಜೀಜಾ ಹರಿಸಿಂಗ್ ರಾಜ್ಯದ ಮೊದಲ ಮಹಿಳಾ ಐಪಿಎಸ್ ಅಧಿಕಾರಿ. 2017ರ ಅಕ್ಟೋಬರ್ 31ರಂದು ನೀಲಮಣಿ ರಾಜು ರಾಜ್ಯ ಪೊಲೀಸಿನ ಮುಖ್ಯಸ್ಥೆಯಾದರು. ವೆಲ್ಸ್ ಬಿಲ್ಲೆ ಧರಿಸಿದ ಇಲಾಖೆಗೆ 2024ರಲ್ಲಿ ಹೊಸ ಮುಖ್ಯಸ್ಥರ ನೇಮಕವಾದಾಗಲೂ ಆ ಸ್ಥಾನಕ್ಕೆ ಬಂದವರು ಗಂಡಸೇ.